ದಕ್ಷಿಣ ಕನ್ನಡದಿಂದ ಕಳಚಿಹೋದ ಐದು ದ್ವೀಪಗಳು

ಕರ್ನಾಟಕ ಏಕೀಕರಣದ ಮಾತು ಬಂದಾಗಲೆಲ್ಲ ಕಾಸರಗೋಡಿನ ನೆನಪು ಬಂದೇ ಬರುತ್ತದೆ. ನವೆಂಬರ್ ತಿಂಗಳ ಭಾಷಣಗಳಲ್ಲಿ ಕೈತಪ್ಪಿ ಹೋದ ಆ ತಾಲ್ಲೂಕಿಗಾಗಿ ನಿಟ್ಟುಸಿರು ಬಿಡದವರು ಕಡಿಮೆ. ಆದರೆ ಕಾಸರಗೋಡನ್ನು ಕೇರಳಕ್ಕೆ ಕೊಟ್ಟ ಕಾಯ್ದೆಯನ್ನು ಬಿಡಿಸಿ ಓದಿದವರಿಗೆ ಅದೇ ಸಾಲಿನಲ್ಲಿ ಇನ್ನೊಂದು ಹೆಸರೂ ಕಣ್ಣಿಗೆ ಬೀಳುತ್ತದೆ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯು ಹೊಸ ಮೈಸೂರು ರಾಜ್ಯಕ್ಕೆ ಸೇರಬೇಕಾದ ಪ್ರದೇಶಗಳನ್ನು ಪಟ್ಟಿ ಮಾಡುವಾಗ ದಕ್ಷಿಣ ಕನ್ನಡ ಜಿಲ್ಲೆಯ ಮುಂದೆ ಒಂದು ಷರತ್ತು ಹಾಕುತ್ತದೆ: ಕಾಸರಗೋಡು ತಾಲ್ಲೂಕನ್ನೂ ಅಮೀನದೀವಿ ದ್ವೀಪಗಳನ್ನೂ ಬಿಟ್ಟು ಉಳಿದ ಭಾಗ.

ಕಾಸರಗೋಡಿಗಾಗಿ ಚಳವಳಿ ನಡೆಯಿತು, ಕವಿತೆ ಹುಟ್ಟಿತು, ಆಯೋಗ ಬಂತು. ಅಮೀನದೀವಿಗಾಗಿ ಯಾರೂ ಕಣ್ಣೀರಿಡಲಿಲ್ಲ. ಅಲ್ಲಿನವರ ಭಾಷೆ ಕನ್ನಡವಲ್ಲ, ತುಳುವೂ ಅಲ್ಲ. ಹಾಗಿದ್ದರೂ 1799ರಿಂದ 1956ರವರೆಗೆ, ಅಂದರೆ 157 ವರ್ಷಗಳ ಕಾಲ, ಆ ದ್ವೀಪಗಳ ಕಂದಾಯ, ನ್ಯಾಯ, ಅಕ್ಕಿ, ಹಗ್ಗ ಎಲ್ಲದರ ಲೆಕ್ಕವೂ ಇದ್ದದ್ದು ಮಂಗಳೂರಿನ ಕಲೆಕ್ಟರ್ ಕಚೇರಿಯಲ್ಲಿ. ಇಂದು ಲಕ್ಷದ್ವೀಪ ಎಂಬ ಕೇಂದ್ರಾಡಳಿತ ಪ್ರದೇಶದ ಉತ್ತರ ಭಾಗವಾಗಿರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳ ಕಥೆ ಇದು. ಸುತ್ತಲೂ ಕಡಲಿರುವ ಪುಟ್ಟ ನೆಲವನ್ನು ಯಾವ ದಡದಿಂದ ಆಳಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬ ಹಳೆಯ ಪ್ರಶ್ನೆಯ ಕಥೆಯೂ ಹೌದು.

ಹವಳದ ಮೇಲಿನ ಬದುಕು

ಮಂಗಳೂರಿನಿಂದ ನೈಋತ್ಯ ದಿಕ್ಕಿಗೆ ಅರಬ್ಬೀ ಸಮುದ್ರದಲ್ಲಿ ಸುಮಾರು 300 ಕಿ.ಮೀ. ಸಾಗಿದರೆ ಅಮಿನಿ ಸಿಗುತ್ತದೆ. ಹನ್ನೊಂದು ಡಿಗ್ರಿ ಅಕ್ಷಾಂಶದ ಉತ್ತರಕ್ಕಿರುವ ಈ ಗುಂಪಿಗೆ ಅಮೀನದೀವಿ ಎಂದೂ, ಅದರ ದಕ್ಷಿಣಕ್ಕಿರುವ ಕವರತ್ತಿ, ಅಗತ್ತಿ, ಆಂದ್ರೋತ್, ಕಲ್ಪೇನಿಗಳಿಗೆ ಲಕ್ಕದೀವಿ ಎಂದೂ ಹಿಂದೆ ಹೆಸರಿತ್ತು. ಇನ್ನೂ ಕೆಳಗೆ, ಮಾಲ್ದೀವ್ಸ್‌ಗೆ ಹತ್ತಿರವಾಗಿ, ಮಿನಿಕಾಯ್ ಒಂಟಿಯಾಗಿ ನಿಂತಿದೆ. ಹೆಸರಿನಲ್ಲಿ ಲಕ್ಷ ದ್ವೀಪಗಳಿದ್ದರೂ ಲೆಕ್ಕಕ್ಕೆ ಸಿಗುವುದು ಮೂವತ್ತಾರು. ಜನ ನೆಲೆಸಿರುವುದು ಹತ್ತರಲ್ಲಿ ಮಾತ್ರ. ಎಲ್ಲ ದ್ವೀಪಗಳ ನೆಲ ಸೇರಿಸಿದರೂ 32 ಚದರ ಕಿಲೋಮೀಟರ್.

ಐದು ಅಮೀನದೀವಿಗಳ ನೆಲವನ್ನಂತೂ ಒಟ್ಟು ಸೇರಿಸಿದರೂ ಹತ್ತು ಚದರ ಕಿಲೋಮೀಟರ್ ದಾಟುವುದಿಲ್ಲ. 2011ರ ಜನಗಣತಿಯಂತೆ ಅಮಿನಿಯಲ್ಲಿ ಸುಮಾರು 7,600, ಕಡಮತ್‌ನಲ್ಲಿ 5,400, ಕಿಲ್ತಾನ್‌ನಲ್ಲಿ 3,900, ಚೆತ್ಲತ್‌ನಲ್ಲಿ 2,300 ಜನರಿದ್ದರು. ಬಿತ್ರಾದಲ್ಲಿ ಇದ್ದವರು 271 ಮಂದಿ. ಆ ಬಿತ್ರಾದ ವಿಸ್ತಾರ ಒಂದು ಚದರ ಕಿಲೋಮೀಟರಿನ ಹತ್ತನೆಯ ಒಂದು ಭಾಗ, ಅಂದರೆ ಇಪ್ಪತ್ತೈದು ಎಕರೆ. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಂಥ ಊರಿನಲ್ಲಿ ನಾಲ್ಕಾರು ರೈತರ ಹೊಲ, ತೋಟ ಸೇರಿಸಿದರೆ ಅಷ್ಟಾದೀತು. ಆದರೆ ಅದರ ಸುತ್ತ ಹವಳದ ದಿಬ್ಬ ಕಟ್ಟಿಕೊಟ್ಟಿರುವ ತಿಳಿಗಡಲಿನ ಕೊಳದ ವಿಸ್ತಾರ ನಲವತ್ತೈದು ಚದರ ಕಿಲೋಮೀಟರ್. ನೆಲ ಸಾಸಿವೆಯಷ್ಟು, ನೀರು ಕಣ್ಣು ಹಾಯುವಷ್ಟು.

ಇವು ಮಣ್ಣಿನ ದ್ವೀಪಗಳಲ್ಲ, ಕಲ್ಲಿನವೂ ಅಲ್ಲ. ಕಡಲ ತಳದಲ್ಲಿ ಮುಳುಗಿಹೋದ ಪ್ರಾಚೀನ ಅಗ್ನಿಪರ್ವತಗಳ ನೆತ್ತಿಯ ಮೇಲೆ ಹವಳದ ಹುಳುಗಳು ಸಾವಿರಾರು ವರ್ಷಗಳ ಕಾಲ ಕಟ್ಟಿದ ಗೂಡುಗಳ ರಾಶಿ. ಅಲೆಗಳು ಆ ಹವಳವನ್ನು ಪುಡಿಮಾಡಿ ದಿಬ್ಬದ ಒಂದು ಬದಿಗೆ ಒಟ್ಟಿದ ಬಿಳಿ ಮರಳೇ ಜನ ನಿಂತಿರುವ ನೆಲ. ಸಮುದ್ರ ಮಟ್ಟದಿಂದ ಅದರ ಎತ್ತರ ಹೆಚ್ಚಿನ ಕಡೆ ಒಂದೆರಡು ಮೀಟರ್ ಅಷ್ಟೆ. ಬೆಟ್ಟವಿಲ್ಲ, ಹೊಳೆಯಿಲ್ಲ, ಕೆರೆಯಿಲ್ಲ.

ಹಾಗಾದರೆ ಕುಡಿಯುವ ನೀರು? ಮರಳಿನೊಳಗೆ ಇಂಗಿದ ಮಳೆಯ ನೀರು ಹಗುರವಾದ್ದರಿಂದ ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ನಾಲ್ಕಾರು ಅಡಿ ಬಾವಿ ತೋಡಿದರೆ ಸಿಹಿನೀರು. ಆಸೆಪಟ್ಟು ಹೆಚ್ಚು ಸೇದಿದರೆ, ಪಂಪು ಹಚ್ಚಿ ಎಳೆದರೆ, ಕೆಳಗಿನ ಉಪ್ಪು ಮೇಲೆ ಬರುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಮಳೆಗಾಲಗಳನ್ನೇ ಕಾಯಬೇಕು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಡಲ ಆಳದ ತಣ್ಣೀರನ್ನು ಬಳಸಿ ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕವನ್ನು 2005ರಲ್ಲಿ ಕವರತ್ತಿಯಲ್ಲಿ ಸ್ಥಾಪಿಸಿದ ಮೇಲೆ, ಅಂಥದೇ ಘಟಕಗಳು ಒಂದೊಂದಾಗಿ ಬೇರೆ ದ್ವೀಪಗಳಿಗೂ ಬಂದವು.

ಶುಕ್ರವಾರದ ಆಸ್ತಿ, ಸೋಮವಾರದ ಆಸ್ತಿ

ದ್ವೀಪದವರೆಲ್ಲ ಮುಸ್ಲಿಮರು. ಉಬೈದುಲ್ಲಾ ಎಂಬ ಸಂತರ ಹಡಗು ಒಡೆದು ಅವರು ಅಮಿನಿಯ ದಡ ಸೇರಿದರೆಂದೂ, ದ್ವೀಪಗಳಿಗೆ ಇಸ್ಲಾಂ ಬಂದದ್ದು ಅವರಿಂದಲೇ ಎಂದೂ ಜನ ನಂಬುತ್ತಾರೆ. ಅವರ ಸಮಾಧಿ ಆಂದ್ರೋತ್ ದ್ವೀಪದಲ್ಲಿದೆ. ಆಡುಮಾತು ಜೆಸರಿ ಎಂಬ ಮಲಯಾಳದ ಒಂದು ಬಗೆ. ಮಿನಿಕಾಯ್‌ನಲ್ಲಿ ಮಾತ್ರ ಮಾಲ್ದೀವ್ಸ್‌ನ ದಿವೇಹಿಗೆ ಸೇರಿದ ಮಹಲ್ ಭಾಷೆ.

ಧರ್ಮ ಅರಬ್ಬರದಾದರೂ ಮನೆತನದ ಪದ್ಧತಿ ಮಾತ್ರ ಕರಾವಳಿಯದೇ. ತುಳುನಾಡಿನ ಅಳಿಯಕಟ್ಟಿನ ಹಾಗೆ ಇಲ್ಲಿಯೂ ವಂಶ ನಡೆಯುವುದು ತಾಯಿಯ ಕಡೆಯಿಂದ. ಮದುವೆಯಾದ ಹೆಣ್ಣು ತನ್ನ ತವರಿನಲ್ಲೇ ಉಳಿಯುತ್ತಾಳೆ. ಗಂಡನಾದವನು ಹಗಲು ತನ್ನ ತಾಯಿಯ ಮನೆಯಲ್ಲಿ ದುಡಿದು ರಾತ್ರಿ ಹೆಂಡತಿಯ ಮನೆಗೆ ಬರುವುದು ಹಿಂದಿನ ವಾಡಿಕೆ. ಷರಿಯತ್ತಿನ ಕಾನೂನಿಗೂ ಈ ತಾಯಿಕಟ್ಟಿಗೂ ಜಗಳ ಬಾರದಂತೆ ದ್ವೀಪದವರು ಸೊಗಸಾದ ಒಂದು ದಾರಿ ಕಂಡುಕೊಂಡಿದ್ದಾರೆ. ಮನೆತನದ ಒಟ್ಟು ಆಸ್ತಿಗೆ ಶುಕ್ರವಾರದ ಆಸ್ತಿ ಎಂದು ಹೆಸರು. ಅದು ತಾಯಿಯ ಸಂತಾನಕ್ಕೆ ಸೇರುತ್ತದೆ, ಪಾಲಾಗುವುದಿಲ್ಲ. ಒಬ್ಬನು ತಾನೇ ದುಡಿದು ಸಂಪಾದಿಸಿದ್ದು ಸೋಮವಾರದ ಆಸ್ತಿ. ಅದನ್ನು ಅವನು ತನ್ನ ಮಕ್ಕಳಿಗೆ ಧರ್ಮದ ಕಾನೂನಿನಂತೆ ಕೊಡಬಹುದು. ಎರಡು ಕಾನೂನುಗಳು ವಾರದ ಎರಡು ದಿನಗಳನ್ನು ಹಂಚಿಕೊಂಡು ನೆಮ್ಮದಿಯಾಗಿ ಬಾಳುತ್ತಿವೆ.

ಬದುಕಿಗೆ ಆಧಾರ ತೆಂಗು. ಕಾಯಿ ತಿಂದು, ಎಣ್ಣೆ ತೆಗೆದು, ಹೊಂಬಾಳೆಯ ರಸದಿಂದ ಬೆಲ್ಲ ಕಾಯಿಸಿದ ಮೇಲೂ ಉಳಿಯುವ ಸಿಪ್ಪೆಯೇ ಇಲ್ಲಿ ಚಿನ್ನವಾಗಿತ್ತು. ಸಿಪ್ಪೆಯನ್ನು ಕಡಲಂಚಿನ ಮರಳಲ್ಲಿ ಹೂತು ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಕೊಳೆಯಲು ಬಿಟ್ಟು, ಅನಂತರ ಹೆಂಗಸರು ಅದನ್ನು ಬಡಿದು, ನಾರು ಬಿಡಿಸಿ, ಹುರಿ ಹೊಸೆಯುತ್ತಿದ್ದರು. ಕರಾವಳಿಯವರು ಕತ್ತ ಎಂದು ಕರೆಯುವ ಈ ನಾರಿನ ಹುರಿಗೆ ಹಡಗು ಕಟ್ಟುವವರಲ್ಲಿ ಬಹಳ ಬೇಡಿಕೆ. ಉಪ್ಪುನೀರಿನಲ್ಲಿ ಕೊಳೆತ ನಾರು ಉಪ್ಪುನೀರಿಗೆ ಜಗ್ಗುವುದಿಲ್ಲ ಎಂಬುದು ಅದರ ಹೆಗ್ಗಳಿಕೆ. ದ್ವೀಪದ ಓಡಂಗಳ, ಅಂದರೆ ಹಾಯಿಹಡಗುಗಳ, ಹಲಗೆಗಳನ್ನೂ ಮೊಳೆಯಿಲ್ಲದೆ ಇದೇ ಹುರಿಯಿಂದ ಹೊಲಿಯುತ್ತಿದ್ದರು. ಚೆತ್ಲತ್‌ನವರು ಓಡಂ ಕಟ್ಟುವುದರಲ್ಲಿ ಹೆಸರಾದರೆ, ಅಮಿನಿಯವರು ಕುಸುರಿ ಕೆಲಸಕ್ಕೆ. ಚನ್ನಪಟ್ಟಣದವರಿಗೆ ಹಾಲೆಮರ ಹೇಗೋ ಅಮಿನಿಯ ಕುಶಲಕರ್ಮಿಗಳಿಗೆ ತೆಂಗಿನ ಚಿಪ್ಪು ಹಾಗೆ. ಅದರಿಂದ ಅವರು ಮಾಡುತ್ತಿದ್ದ ಊರುಗೋಲುಗಳು ಪ್ರಸಿದ್ಧವಾಗಿದ್ದವು.

ಆದರೆ ಇಷ್ಟೆಲ್ಲ ಇದ್ದರೂ ಈ ನೆಲದಲ್ಲಿ ಬತ್ತ ಬೆಳೆಯುವುದಿಲ್ಲ. ಅನ್ನ ಬೇಕಾದರೆ ಕಡಲು ದಾಟಲೇಬೇಕು. ದ್ವೀಪದ ರಾಜಕೀಯವೆಲ್ಲ ಹುಟ್ಟಿದ್ದು ಈ ಒಂದು ಕೊರತೆಯಿಂದ.

ಮಂಗಳೂರಿಗೆ ಬಂದ ದೂರು

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಹಗ್ಗಕ್ಕಾಗಿಯೇ ಅಮಿನಿಗೆ ನುಗ್ಗಿದರು. ದ್ವೀಪದವರು ಅವರಿಗೆ ವಿಷವಿಕ್ಕಿ ಕೊಂದರೆಂದು ಹೇಳಿಕೆ ಇದೆ. ಮುಂದೆ ದ್ವೀಪಗಳು ಕೋಲತ್ತಿರಿ ಅರಸರಿಂದ ಕಣ್ಣೂರಿನ ಅರಕ್ಕಲ್ ಮನೆತನಕ್ಕೆ ಬಂದವು. ಕೇರಳದ ಈ ಏಕೈಕ ಮುಸ್ಲಿಂ ರಾಜಮನೆತನದಲ್ಲಿ ಗಂಡಸು ಪಟ್ಟಕ್ಕೆ ಬಂದರೆ ಆಲಿರಾಜ, ಹೆಂಗಸು ಬಂದರೆ ಬೀಬಿ.

ಹದಿನೆಂಟನೆಯ ಶತಮಾನದ ನಡುವೆ ಅರಕ್ಕಲ್ ಅರಸರು ಹಗ್ಗದ ವ್ಯಾಪಾರವನ್ನು ತಮ್ಮ ಏಕಸ್ವಾಮ್ಯ ಮಾಡಿಕೊಂಡರು. ದ್ವೀಪದವರು ಹೊಸೆದ ಹುರಿಯನ್ನೆಲ್ಲ ಅರಮನೆಗೇ ಮಾರಬೇಕು, ಅರಮನೆ ಹೇಳಿದ ಬೆಲೆಗೇ ಮಾರಬೇಕು, ಬದಲಿಗೆ ಅರಮನೆ ಕೊಟ್ಟಷ್ಟು ಅಕ್ಕಿ ಪಡೆಯಬೇಕು. ತಕ್ಕಡಿಯ ಎರಡು ತಟ್ಟೆಗಳೂ ಒಬ್ಬರ ಕೈಯಲ್ಲೇ ಇದ್ದರೆ ತೂಕ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅರಮನೆಯ ಕಾರ್ಯಕರ್ತರ ದಬ್ಬಾಳಿಕೆ ಬೇರೆ.

1780ರ ದಶಕದಲ್ಲಿ ಅಮಿನಿಯ ಕೆಲವರು ಧೈರ್ಯ ಮಾಡಿ ಓಡಂ ಹತ್ತಿದರು. ಅವರು ಹೋದದ್ದು ಕಣ್ಣೂರಿಗಲ್ಲ, ಮಂಗಳೂರಿಗೆ. ಆಗ ಮಂಗಳೂರು ಮೈಸೂರಿನ ಟಿಪ್ಪು ಸುಲ್ತಾನನ ಕೈಯಲ್ಲಿತ್ತು. ತಮ್ಮ ದ್ವೀಪಗಳನ್ನು ನೀವೇ ವಹಿಸಿಕೊಳ್ಳಿರೆಂದು ಅವರು ಸುಲ್ತಾನನನ್ನು ಬೇಡಿಕೊಂಡರು. ಟಿಪ್ಪುವಿಗೂ ಅರಕ್ಕಲ್ ಬೀಬಿಗೂ ಸ್ನೇಹವಿತ್ತು. ಮಾತುಕತೆ ನಡೆದು ಅಮಿನಿ ಗುಂಪಿನ ಐದು ದ್ವೀಪಗಳು ಮೈಸೂರಿಗೆ ಬಂದವು. ಉಳಿದವು ಬೀಬಿಯ ಬಳಿಯೇ ಉಳಿದವು.

ಚನ್ನಪಟ್ಟಣದ ಬಣ್ಣದ ಬೊಂಬೆಗಳಿಗೆ ಆಶ್ರಯ ಕೊಟ್ಟವನೆಂದು ಟಿಪ್ಪುವನ್ನು ನೆನೆಯುವ ಬಯಲುಸೀಮೆಯವರಿಗೆ ಅವನ ರಾಜ್ಯದ ಪಶ್ಚಿಮದ ಗಡಿ ಅರಬ್ಬೀ ಸಮುದ್ರದ ನಡುವೆ ಇತ್ತೆಂಬುದು ಅಚ್ಚರಿಯೆನಿಸೀತು. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ತಮ್ಮನ್ನು ಆಳುವ ದಡ ಯಾವುದೆಂದು ಆ ದ್ವೀಪದ ಜನ ತಾವೇ ಆರಿಸಿಕೊಂಡದ್ದು ಅದೊಂದು ಸಲ. ಆಮೇಲೆ ನಡೆದ ಬದಲಾವಣೆಗಳೆಲ್ಲ ದಡದಲ್ಲಿದ್ದವರ ತೀರ್ಮಾನಗಳು.

ಮಣೇಗಾರನ ರಾಜ್ಯ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಕೆನರಾ ಪ್ರಾಂತ ಕುಂಪಣಿಯ ಪಾಲಾಯಿತು, ಅದರ ಜೊತೆಗೆ ಬಾಲಂಗೋಚಿಯಾಗಿ ಅಮೀನದೀವಿಗಳೂ ಹೋದವು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದಾಗ ಮದರಾಸು ಪ್ರಾಂತದಲ್ಲೇ ಉಳಿದ ದಕ್ಷಿಣ ಕನ್ನಡದೊಂದಿಗೆ ದ್ವೀಪಗಳೂ ಉಳಿದವು. ಉಳಿದ ಲಕ್ಕದೀವಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಅರಕ್ಕಲ್ ಮನೆತನದ ಸಾಲದ ದೆಸೆಯಿಂದ ಹಂತ ಹಂತವಾಗಿ ಬ್ರಿಟಿಷರ ವಶವಾಗಿ ಮಲಬಾರ್ ಜಿಲ್ಲೆಗೆ ಸೇರಿದವು. ಹೀಗೆ ಒಂದೇ ಮಾತು, ಒಂದೇ ಬಳಗದ ಜನರಿಗೆ ಎರಡು ಜಿಲ್ಲೆ, ಇಬ್ಬರು ಕಲೆಕ್ಟರುಗಳಾದರು.

ಅಮಿನಿಯಲ್ಲಿ ಸರ್ಕಾರದ ಪ್ರತಿನಿಧಿಯಾಗಿದ್ದವನು ಮಣೇಗಾರ. ಅವನ ಕೈಕೆಳಗೆ ಲೆಕ್ಕ ಬರೆಯುವ ಕರಣಿಕರು, ಊರ ಹಿರಿಯರಾದ ಮೊಕ್ತೇಸರರು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಪಟೇಲ, ಶಾನುಭೋಗರು ಇದ್ದ ಹಾಗೆಯೇ ಎನ್ನಬಹುದು. ಆದರೆ ಒಂದು ದೊಡ್ಡ ವ್ಯತ್ಯಾಸ. ಹೊಂಗನೂರಿನ ಶಾನುಭೋಗರು ಲೆಕ್ಕದಲ್ಲಿ ಕೈಚಳಕ ತೋರಿಸಿದರೆ ರೈತನು ಬುತ್ತಿ ಕಟ್ಟಿಕೊಂಡು ಚನ್ನಪಟ್ಟಣಕ್ಕೆ ನಡೆದು ಅಮಲ್ದಾರರ ಮುಂದೆ ದೂರು ಹೇಳಿ ಸಂಜೆಗೆ ಮನೆ ಸೇರಬಹುದಾಗಿತ್ತು. ಅಮಿನಿಯ ಬಡವನು ಮಣೇಗಾರನ ಮೇಲೆ ದೂರು ಕೊಡಬೇಕಾದರೆ ಓಡಂ ಹತ್ತಬೇಕು, ಗಾಳಿ ಕೂಡಿಬರಬೇಕು. ಮುಂಗಾರು ಆರಂಭವಾಯಿತೆಂದರೆ ನಾಲ್ಕು ತಿಂಗಳು ಕಡಲು ಬಾಗಿಲು ಹಾಕಿಕೊಳ್ಳುತ್ತದೆ. ಅಷ್ಟು ದಿನ ದ್ವೀಪದಲ್ಲಿ ಮಣೇಗಾರನೇ ಸರ್ಕಾರ, ಮಣೇಗಾರನೇ ನ್ಯಾಯಾಲಯ. ಮಂಗಳೂರಿನ ದೊಡ್ಡ ಅಧಿಕಾರಿಗಳು ದ್ವೀಪಕ್ಕೆ ಬರುತ್ತಿದ್ದುದು ಅಪರೂಪಕ್ಕೊಮ್ಮೆ, ಕಡಲು ಶಾಂತವಾಗಿದ್ದಾಗ.

ಜನ ಕಣ್ಣೂರನ್ನು ತೊರೆದದ್ದೇ ಹಗ್ಗದ ಏಕಸ್ವಾಮ್ಯದ ಕಾಟಕ್ಕಾಗಿ. ಆದರೆ ಕುಂಪಣಿ ಸರ್ಕಾರ ಆ ಏಕಸ್ವಾಮ್ಯವನ್ನು ಕೈಬಿಡಲಿಲ್ಲ. ದ್ವೀಪದ ಹುರಿಯೆಲ್ಲ ಮಂಗಳೂರಿನ ಸರ್ಕಾರಿ ಉಗ್ರಾಣಕ್ಕೇ ಬರಬೇಕು, ನಿಗದಿಯಾದ ದರದಲ್ಲಿ ಅಕ್ಕಿ ಒಯ್ಯಬೇಕು. ನೆಲಗಂದಾಯದ ಬದಲು ಹಗ್ಗದ ಲಾಭವೇ ಸರ್ಕಾರದ ವರಮಾನ. ಅರಸು ಬದಲಾದ, ತಕ್ಕಡಿ ಬದಲಾಗಲಿಲ್ಲ.

ಆ ಕಾಲದ ಆಡಳಿತದ ಒಂದು ವಿಚಿತ್ರ ಕರ್ತವ್ಯವೆಂದರೆ ಇಲಿಬೇಟೆ. ಹಾವಿಲ್ಲದ, ನಾಯಿಯಿಲ್ಲದ ಈ ದ್ವೀಪಗಳಲ್ಲಿ ತೆಂಗಿನ ಮರಗಳ ನೆತ್ತಿಯಲ್ಲೇ ಸಂಸಾರ ಹೂಡುವ ಇಲಿಗಳು ಎಳೆಗಾಯಿಗಳನ್ನು ಕೊರೆದು ಉದುರಿಸುತ್ತಿದ್ದವು. ಕಾಯಿ ಹೋದರೆ ಹುರಿ ಇಲ್ಲ, ಹುರಿ ಇಲ್ಲದಿದ್ದರೆ ಅಕ್ಕಿಯಿಲ್ಲ. ಆದ್ದರಿಂದ ಗೊತ್ತಾದ ದಿನಗಳಲ್ಲಿ ಊರ ಗಂಡಸರೆಲ್ಲ ದೊಣ್ಣೆ ಹಿಡಿದು ಕೂಡಬೇಕು. ಕೆಲವರು ಮರ ಹತ್ತಿ ಇಲಿಗಳನ್ನು ಕೆಳಗಟ್ಟಿದರೆ ಉಳಿದವರು ಬಡಿಯಬೇಕು. ಕೇಳಲು ತಮಾಷೆಯಾಗಿ ಕಂಡರೂ ದ್ವೀಪದ ಮಟ್ಟಿಗೆ ಅದು ಆಹಾರ ಇಲಾಖೆಯ ಕೆಲಸವೇ ಆಗಿತ್ತು.

1956ರ ನವೆಂಬರ್ ಒಂದು

ಸ್ವಾತಂತ್ರ್ಯ ಬಂದ ಮೇಲೂ ಒಂಬತ್ತು ವರ್ಷ ದ್ವೀಪಗಳು ಮದರಾಸು ರಾಜ್ಯದ ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿದ್ದವು. 1956ರ ನವೆಂಬರ್ ಒಂದರಂದು, ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ ದಿನವೇ, ಅಮೀನದೀವಿಗಳು ಅದರಿಂದ ಕಳಚಿಕೊಂಡವು. ಮಲಬಾರಿನ ಭಾಗವಾಗಿದ್ದ ದ್ವೀಪಗಳೂ ಸೇರಿ ಲಕ್ಕದೀವಿ, ಮಿನಿಕಾಯ್ ಮತ್ತು ಅಮೀನದೀವಿ ಎಂಬ ಉದ್ದ ಹೆಸರಿನ ಕೇಂದ್ರಾಡಳಿತ ಪ್ರದೇಶ ಹುಟ್ಟಿತು. 1973ರಲ್ಲಿ ಅದಕ್ಕೆ ಲಕ್ಷದ್ವೀಪ ಎಂದು ನಾಮಕರಣವಾಯಿತು. ಟಿಪ್ಪುವಿನ ಕಾಲದಲ್ಲಿ ಒಡೆದ ಬಳಗ ಒಂದೇ ಆಡಳಿತದ ಅಡಿಗೆ ಬರಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಹೊಸ ಪ್ರದೇಶದ ರಾಜಧಾನಿ ಮೊದಲು ಇದ್ದದ್ದು ದ್ವೀಪದಲ್ಲಲ್ಲ, ಕೋಳಿಕ್ಕೋಡಿನಲ್ಲಿ! 1964ರಲ್ಲಿ ಕಚೇರಿ ಕವರತ್ತಿಗೆ ಬಂತು. ಇತಿಹಾಸದಲ್ಲಿ ಮೊದಲ ಬಾರಿಗೆ ದ್ವೀಪಗಳ ಸರ್ಕಾರ ದ್ವೀಪದ ಮೇಲೆಯೇ ಕೂತಿತು.

ಲಾಭವಾಗಲಿಲ್ಲವೆಂದರೆ ತಪ್ಪಾದೀತು. ದ್ವೀಪ ಮೂಲದವರನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಲಾಯಿತು. 2011ರಲ್ಲಿ ಜನಸಂಖ್ಯೆಯ ಶೇಕಡಾ 94ಕ್ಕೂ ಹೆಚ್ಚು ಮಂದಿ ಈ ಪಂಗಡದವರು. ಹೊರಗಿನವರು ನೆಲ ಕೊಳ್ಳದಂತೆ ಕಟ್ಟುಪಾಡು ಬಂತು. ಹೊರಗಿನಿಂದ ಬರುವವರಿಗೆ ಪರವಾನಗಿ ಬೇಕಾಯಿತು. ಶಾಲೆ, ಆಸ್ಪತ್ರೆ, ಹಡಗು ಬಂದವು. 1988ರಲ್ಲಿ ಅಗತ್ತಿಯಲ್ಲಿ ವಿಮಾನ ಇಳಿಯಿತು. ಸಾಕ್ಷರತೆ 2011ರ ಹೊತ್ತಿಗೆ ಶೇಕಡಾ 91 ದಾಟಿತ್ತು.

ಮಂಗಳೂರಿನ ನಂಟೂ ಒಮ್ಮೆಲೇ ಹರಿಯಲಿಲ್ಲ. ಆಂದ್ರೋತ್‌ನಲ್ಲಿ ಹುಟ್ಟಿದ ಪಿ.ಎಂ. ಸಯೀದ್ ಓದಿದ್ದು ಮಂಗಳೂರಿನ ಸರ್ಕಾರಿ ಕಲಾ ಕಾಲೇಜಿನಲ್ಲಿ. 1967ರಲ್ಲಿ ಲಕ್ಷದ್ವೀಪಕ್ಕೆ ಮೊದಲ ಬಾರಿ ಲೋಕಸಭಾ ಚುನಾವಣೆ ನಡೆದಾಗ ಗೆದ್ದ ಅವರು ಆ ಗೆಲುವೂ ಸೇರಿ ಸತತವಾಗಿ ಹತ್ತು ಬಾರಿ ಗೆದ್ದರು, ಲೋಕಸಭೆಯ ಉಪಸಭಾಧ್ಯಕ್ಷರೂ ಆದರು. 2004ರಲ್ಲಿ ಸೋತದ್ದು ಕೇವಲ 71 ಮತಗಳಿಂದ. ಇಲ್ಲಿ ಒಂದು ಮತಕ್ಕೂ ಬೆಲೆಯಿದೆ. ದೇಶದ ಅತಿ ಚಿಕ್ಕ ಈ ಲೋಕಸಭಾ ಕ್ಷೇತ್ರದ ಮತದಾರರು 2024ರಲ್ಲಿ ಸುಮಾರು 57 ಸಾವಿರ.

ಶಾಸನಸಭೆ ಇಲ್ಲದ ಸರ್ಕಾರ

ಆದರೆ ದ್ವೀಪದವರು ಚುನಾಯಿಸುವುದು ದೆಹಲಿಗೆ ಹೋಗುವ ಒಬ್ಬ ಸದಸ್ಯನನ್ನು ಮತ್ತು ಪಂಚಾಯಿತಿಗಳನ್ನು ಮಾತ್ರ. ಲಕ್ಷದ್ವೀಪಕ್ಕೆ ಶಾಸನಸಭೆಯಿಲ್ಲ, ಮುಖ್ಯಮಂತ್ರಿಯಿಲ್ಲ. ಆಳುವವರು ರಾಷ್ಟ್ರಪತಿಗಳು ನೇಮಿಸುವ ಆಡಳಿತಾಧಿಕಾರಿ. ಕಾನೂನಿನಂಥ ನಿಯಮಗಳು ಹೊರಡುವುದು ಕೇಂದ್ರದಿಂದ. ಉಚ್ಚ ನ್ಯಾಯಾಲಯ ಕೇರಳದ್ದು. ಪಂಚಾಯಿತಿ ನಿಯಮಾವಳಿ 1994ರಲ್ಲಿ ಬಂದು, ಅದರಂತೆ ಪ್ರತಿ ದ್ವೀಪಕ್ಕೊಂದು ಪಂಚಾಯಿತಿ, ಎಲ್ಲಕ್ಕೂ ಮೇಲೆ ಒಂದು ಜಿಲ್ಲಾ ಪಂಚಾಯಿತಿ ರಚನೆಯಾಯಿತು. ಅವುಗಳಿಗೆ ಎಷ್ಟು ಅಧಿಕಾರವೆಂಬುದು ಮಾತ್ರ ಆಡಳಿತಾಧಿಕಾರಿಯ ಆದೇಶವನ್ನು ಅವಲಂಬಿಸಿದ್ದು.

ಇಷ್ಟು ಪುಟ್ಟ ಊರಿಗೆ ಶಾಸನಸಭೆ ಯಾಕೆ ಎಂದು ಯಾರಾದರೂ ಕೇಳಬಹುದು. ಜಗತ್ತಿನ ಇನ್ನೊಂದು ಮೂಲೆಯ ಉದಾಹರಣೆಯನ್ನು ನೋಡಬಹುದು. ಕೆರಿಬಿಯನ್ ಸಮುದ್ರದಲ್ಲಿ ಆಂಗ್ವಿಲ್ಲಾ ಎಂಬ ದ್ವೀಪವಿದೆ. ಅದೂ ಹವಳದಿಂದಾದ ಸುಣ್ಣಕಲ್ಲಿನ ತಗ್ಗು ನೆಲ, ಹೊಳೆಯಿಲ್ಲ. ವಿಸ್ತಾರ ಸುಮಾರು 91 ಚದರ ಕಿಲೋಮೀಟರ್, ಜನ ಹದಿನೈದು ಸಾವಿರದ ಆಸುಪಾಸು, ಅಂದರೆ ಐದು ಅಮೀನದೀವಿಗಳ ಜನರಿಗಿಂತ ಕಡಿಮೆ. ಬ್ರಿಟನ್ ತನ್ನ ಅನುಕೂಲಕ್ಕಾಗಿ ಅದನ್ನು ನೂರು ಕಿಲೋಮೀಟರಿಗೂ ದೂರದ ಸೇಂಟ್ ಕಿಟ್ಸ್ ದ್ವೀಪದ ಆಡಳಿತಕ್ಕೆ ಗಂಟುಹಾಕಿತ್ತು. ರಸ್ತೆ, ಕರೆಂಟು, ಆಸ್ಪತ್ರೆ ಎಲ್ಲಕ್ಕೂ ಸೇಂಟ್ ಕಿಟ್ಸ್‌ನ ಕಡೆ ಕೈಚಾಚಬೇಕಾಗಿದ್ದ ಆಂಗ್ವಿಲ್ಲಾದವರು 1967ರ ಮೇ ತಿಂಗಳಲ್ಲಿ ಅಲ್ಲಿಂದ ಬಂದಿದ್ದ ಪೊಲೀಸರನ್ನು ದೋಣಿ ಹತ್ತಿಸಿ ಕಳುಹಿಸಿಬಿಟ್ಟರು. ಜುಲೈನಲ್ಲಿ ಜನಮತ ಪಡೆದರು. ಬೇರೆಯಾಗಬೇಕೆಂದವರು 1,813 ಮಂದಿ, ಬೇಡವೆಂದವರು ಐವರು.

1969ರ ಮಾರ್ಚ್‌ನಲ್ಲಿ ಬ್ರಿಟನ್ ಈ ಪುಟ್ಟ ದ್ವೀಪದ ಮೇಲೆ ಪ್ಯಾರಾಟ್ರೂಪರುಗಳನ್ನೂ ಲಂಡನ್ ಪೊಲೀಸರನ್ನೂ ಇಳಿಸಿ ಜಗತ್ತಿನ ನಗೆಪಾಟಲಿಗೆ ಗುರಿಯಾಯಿತು. ಎದುರಿಸಿ ಗುಂಡು ಹಾರಿಸುವವರೇ ಅಲ್ಲಿರಲಿಲ್ಲ. ಅವರು ಮುಖ್ಯವಾಗಿ ಕೇಳುತ್ತಿದ್ದುದು ಸೇಂಟ್ ಕಿಟ್ಸ್‌ನಿಂದ ಬಿಡುಗಡೆಯನ್ನು. 1980ರಲ್ಲಿ ಆಂಗ್ವಿಲ್ಲಾ ವಿಧಿವತ್ತಾಗಿ ಪ್ರತ್ಯೇಕವಾಯಿತು. ಇಂದಿಗೂ ಅದು ಬ್ರಿಟನ್ನಿನ ಅಧೀನ ಪ್ರದೇಶವೇ. ಅಲ್ಲಿ ಲಂಡನ್ ಕಡೆಯಿಂದ ಬಂದ ಗವರ್ನರ್ ಇದ್ದಾರೆ. ಜೊತೆಗೆ ಜನ ಆರಿಸಿದ ಶಾಸನಸಭೆ, ಅದರ ನಾಯಕನಾದ ಪ್ರೀಮಿಯರ್ ಇದ್ದಾರೆ. ಸಾರ್ವಭೌಮತ್ವ ದೂರದ ದಡದಲ್ಲಿದ್ದರೂ ದಿನನಿತ್ಯದ ಕಾನೂನು ಊರಿನಲ್ಲೇ ಆಗಬಹುದು ಎಂಬುದಕ್ಕೆ ಅದೊಂದು ನಿದರ್ಶನ.

ಅಮಿನಿಯವರು ಕಣ್ಣೂರನ್ನು ಬಿಟ್ಟು ಮಂಗಳೂರಿಗೆ ಹೋದದ್ದಕ್ಕೂ ಆಂಗ್ವಿಲ್ಲಾದವರು ಪೊಲೀಸರನ್ನು ದೋಣಿ ಹತ್ತಿಸಿದ್ದಕ್ಕೂ ನಡುವೆ ಸುಮಾರು 180 ವರ್ಷಗಳ ಅಂತರವಿದೆ. ಕಾರಣ ಮಾತ್ರ ಒಂದೇ. ತಮ್ಮ ಅನ್ನದ ವಿಷಯ ಕಡಲಾಚೆ, ತಮ್ಮನ್ನು ಕೇಳದೆ, ತೀರ್ಮಾನವಾಗುತ್ತಿದೆ ಎಂಬ ಕೊರಗು.

ಮತ್ತೆ ಎದ್ದ ಪ್ರಶ್ನೆ

ಆ ಕೊರಗು 2021ರಲ್ಲಿ ಲಕ್ಷದ್ವೀಪದಲ್ಲಿ ಮತ್ತೆ ಕೇಳಿಬಂತು. ಹಿಂದಿನ ವರ್ಷದ ಡಿಸೆಂಬರ್‌ನಲ್ಲಿ ಆಡಳಿತಾಧಿಕಾರಿಯಾಗಿ ಬಂದ ಪ್ರಫುಲ್ ಖೋಡಾ ಪಟೇಲ್ ಅವರ ಕಾಲದಲ್ಲಿ ಕೆಲವು ಕರಡು ನಿಯಮಗಳು ಹೊರಬಿದ್ದವು. ಅಭಿವೃದ್ಧಿಗಾಗಿ ಯಾವ ನೆಲವನ್ನಾದರೂ ಯೋಜನೆಗೆ ಒಳಪಡಿಸುವ ಅಧಿಕಾರ, ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿಗೆ ಸ್ಪರ್ಧಿಸುವಂತಿಲ್ಲವೆಂಬ ನಿಯಮ, ಗೋಹತ್ಯೆಗೆ ನಿರ್ಬಂಧ ಇವೆಲ್ಲ ಅವುಗಳಲ್ಲಿದ್ದವು. ಮೇ ತಿಂಗಳಲ್ಲಿ ಶಿಕ್ಷಣ, ಆರೋಗ್ಯ, ಕೃಷಿ, ಮೀನುಗಾರಿಕೆ, ಪಶುಸಂಗೋಪನೆ ಇಲಾಖೆಗಳ ಮೇಲೆ ಜಿಲ್ಲಾ ಪಂಚಾಯಿತಿಗಿದ್ದ ಅಧಿಕಾರವನ್ನು ಹಿಂದಕ್ಕೆ ಪಡೆಯಲಾಯಿತು. ಇವೆಲ್ಲ ದ್ವೀಪಗಳ ಪ್ರಗತಿಗೆ, ಪ್ರವಾಸೋದ್ಯಮಕ್ಕೆ ಎಂದು ಆಡಳಿತ ಹೇಳಿತು. ದ್ವೀಪದವರು ಜೂನ್ 7ರಂದು ತಂತಮ್ಮ ಮನೆಗಳಲ್ಲೇ ಹನ್ನೆರಡು ಗಂಟೆ ಉಪವಾಸ ಕೂತು ಪ್ರತಿಭಟಿಸಿದರು.

ಕನ್ನಡಿಗರ ಕಿವಿ ನೆಟ್ಟಗಾಗುವಂಥ ಎರಡು ಸುದ್ದಿಗಳೂ ಆಗ ಬಂದವು. ದ್ವೀಪದ ಸರಕು ಸಾಗಣೆಯನ್ನು ಕೇರಳದ ಬೇಪೂರಿನ ಬದಲು ಮಂಗಳೂರಿಗೆ ತಿರುಗಿಸುವ ಮಾತು ಒಂದು. ಉಚ್ಚ ನ್ಯಾಯಾಲಯದ ವ್ಯಾಪ್ತಿಯನ್ನು ಕೇರಳದಿಂದ ಕರ್ನಾಟಕಕ್ಕೆ ವರ್ಗಾಯಿಸುವ ಪ್ರಸ್ತಾಪವಿದೆ ಎಂಬ ವರದಿ ಇನ್ನೊಂದು. ಎರಡನೆಯದನ್ನು ದ್ವೀಪದ ಆಡಳಿತ ಅಲ್ಲಗಳೆಯಿತು. ಮಂಗಳೂರಿನ ವರ್ತಕರಿಗೆ ಮೊದಲನೆಯದು ಸಿಹಿಸುದ್ದಿಯೇ. ಆದರೆ ಮಲಯಾಳ ಆಡುವ ಜನರಲ್ಲಿ ಅದು ಬೇರೆಯದೇ ಅನುಮಾನ ಹುಟ್ಟಿಸಿತು. ಮತ್ತೊಮ್ಮೆ ದಡ ಬದಲಾಗುತ್ತಿದೆಯೇ, ಮತ್ತೊಮ್ಮೆ ತಮ್ಮನ್ನು ಕೇಳದೆ?

2025ರ ಜುಲೈನಲ್ಲಿ ಬಂದ ಇನ್ನೊಂದು ಪ್ರಕಟಣೆ ಐದು ದ್ವೀಪಗಳಲ್ಲಿ ಅತಿ ಪುಟ್ಟದಾದ ಬಿತ್ರಾವನ್ನು ತಟ್ಟಿತು. ರಕ್ಷಣಾ ಉದ್ದೇಶಕ್ಕಾಗಿ ಬಿತ್ರಾದ ಇಡೀ ನೆಲವನ್ನು ವಶಪಡಿಸಿಕೊಳ್ಳುವ ಪ್ರಸ್ತಾಪಕ್ಕೆ ಪೂರ್ವಭಾವಿಯಾಗಿ ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಲಿದೆ ಎಂಬುದು ಅದರ ಸಾರ. ಪಡುವಣ ಕಡಲಿನ ಹಡಗುದಾರಿಗಳ ಮೇಲೆ ಕಣ್ಣಿಡಲು ಇಂಥ ದ್ವೀಪಗಳು ಆಯಕಟ್ಟಿನ ಜಾಗಗಳು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಮಲಿಕ್ ಮುಲ್ಲಾ ಎಂಬ ಸಂತರ ಸಮಾಧಿಯೂ, ಕಡಲಹಕ್ಕಿಗಳೂ ಮಾತ್ರ ಇದ್ದ ಆ ಮರಳದಿಬ್ಬದ ಮೇಲೆ ಚೆತ್ಲತ್‌ನಿಂದ ಬಂದವರು ಮನೆಮಾಡಿ ಹಲವು ತಲೆಮಾರು ಕಳೆದಿವೆ. ಇಪ್ಪತ್ತೈದು ಎಕರೆ ಊರಿನಲ್ಲಿ ಒಂದಿಷ್ಟು ಬಿಟ್ಟು ಒಂದಿಷ್ಟು ಕೊಡಿ ಎನ್ನುವ ಹಾಗಿಲ್ಲ. ಕೊಟ್ಟರೆ ಊರಿಗೂರೇ ಹೋಗುತ್ತದೆ. ಪಿ.ಎಂ. ಸಯೀದ್ ಅವರ ಮಗ, ಲೋಕಸಭಾ ಸದಸ್ಯ ಹಮ್ದುಲ್ಲಾ ಸಯೀದ್ ಈ ಪ್ರಸ್ತಾಪವನ್ನು ವಿರೋಧಿಸಿದರು.

ಕಡಲೂ ಸುಮ್ಮನೆ ಕೂತಿಲ್ಲ. 1998, 2010 ಮತ್ತು 2016ರಲ್ಲಿ ನೀರು ಅತಿಯಾಗಿ ಬಿಸಿಯಾಗಿ ಹವಳಗಳು ಬಿಳಿಚಿಕೊಂಡು ಸತ್ತವು. ಅಲೆ ತಡೆಯುವ ಗೋಡೆಯೇ ಹವಳ. ಅದು ಸತ್ತರೆ ಮರಳು ನಿಲ್ಲುವುದಿಲ್ಲ. ಬಂಗಾರಂ ಬಳಿಯ ಪರಳಿ ಎಂಬ ನಿರ್ಜನ ದ್ವೀಪಗಳಲ್ಲೊಂದು ಪೂರ್ತಿಯಾಗಿ ಕರಗಿಹೋಗಿದೆಯೆಂದು 2017ರಲ್ಲಿ ಬೆಳಕಿಗೆ ಬಂದ ಅಧ್ಯಯನವೊಂದು ತಿಳಿಸಿತು. ಮೂವತ್ತಾರರ ಲೆಕ್ಕದಲ್ಲಿ ಒಂದು ಕಡಿಮೆಯಾಯಿತು.

ಧಕ್ಕೆಯಲ್ಲಿ ಉಳಿದ ನಂಟು

ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ನಿಂತರೆ ಈ ಕಥೆ ಇನ್ನೂ ಮುಗಿದಿಲ್ಲವೆಂದು ತಿಳಿಯುತ್ತದೆ. ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ಮಂಜಿ ಎಂದು ಕರೆಯುವ ಮರದ ಹಡಗುಗಳು ಇಲ್ಲಿಂದ ಲಕ್ಷದ್ವೀಪಕ್ಕೆ ಹೊರಡುತ್ತವೆ. ಅಕ್ಕಿ, ತರಕಾರಿ, ಸಿಮೆಂಟು, ಇಟ್ಟಿಗೆ, ಜಲ್ಲಿ, ಹೀಗೆ ಹವಳದ ನೆಲ ಕೊಡಲಾರದ್ದೆಲ್ಲ ಅವುಗಳ ಹೊಟ್ಟೆಯಲ್ಲಿ. ಮೇ ತಿಂಗಳ ನಡುವೆ ಮುಂಗಾರಿನ ಸೂಚನೆ ಕಂಡೊಡನೆ ಸಂಚಾರ ನಿಲ್ಲುತ್ತದೆ. ಮಣೇಗಾರನ ಕಾಲದ ಪಂಚಾಂಗವೇ ಇವತ್ತಿಗೂ.

2024ರ ಮೇ ತಿಂಗಳಲ್ಲಿ ದ್ವೀಪಗಳಿಂದ ಪ್ರಯಾಣಿಕರನ್ನು ಹೊತ್ತ ವೇಗದ ಹಡಗೊಂದು ಬಹಳ ಕಾಲದ ಮೇಲೆ ಈ ಹಳೆ ಬಂದರಿಗೆ ಬಂತು. ಹಿಂದೆ ಗಾಳಿಯನ್ನು ನಂಬಿ ದಿನಗಟ್ಟಲೆ ಸಾಗುತ್ತಿದ್ದ ದಾರಿಯನ್ನು ಕೆಲವೇ ಗಂಟೆಗಳಲ್ಲಿ ಕ್ರಮಿಸಿದ ಆ ಹಡಗಿನ ಹೆಸರು ಪರಳಿ. ಕಡಲಿನಲ್ಲಿ ಕರಗಿದ ದ್ವೀಪದ ಹೆಸರು ದೋಣಿಯೊಂದರ ಮೇಲೆ ಉಳಿದಿದೆ.

ಅಮೀನದೀವಿಗಳು ಕರ್ನಾಟಕಕ್ಕೆ ಬರಬೇಕಾಗಿತ್ತು ಎಂದು ಇಂದು ಯಾರೂ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಭಾಷೆಯಿಂದಲೂ ಬಳಗದಿಂದಲೂ ಅವರು ತಮ್ಮ ದಕ್ಷಿಣದ ದ್ವೀಪಗಳ ಜೊತೆ ಇರುವುದೇ ಸರಿ. ಆದರೆ 157 ವರ್ಷ ಒಂದೇ ಜಿಲ್ಲೆಯ ಮನೆಮಂದಿಯಾಗಿದ್ದವರ ಪಾಡನ್ನು ಕನ್ನಡನಾಡು ಪರದೇಶದ ಸುದ್ದಿಯೆಂಬಂತೆ ಓದಬೇಕಾಗಿಲ್ಲ. ಹೊಂಗನೂರಿನ ಗ್ರಾಮಸಭೆಯಲ್ಲಿ ಊರ ಕೆರೆಯ ಬಗ್ಗೆ, ಗೋಮಾಳದ ಬಗ್ಗೆ ಎದ್ದು ನಿಂತು ಕೇಳುವ ಹಕ್ಕು ಒಬ್ಬ ಸಾಮಾನ್ಯ ರೈತನಿಗಿದೆ. ಅಂಥದೇ ಹಕ್ಕನ್ನು, ಅಷ್ಟೇ ಸಾಮಾನ್ಯವಾಗಿ, ಬಿತ್ರಾದ ಜನರೂ ಕೇಳುತ್ತಿದ್ದಾರೆ. ಅಮಿನಿಯಿಂದ ಮಂಗಳೂರಿಗೆ ಹೊರಟ ಆ ಹಳೆಯ ಓಡಂನಲ್ಲಿ ಇದ್ದದ್ದೂ ಅದೇ ಬೇಡಿಕೆ.